ಮೆಟ್ಟಿಲು ಎಣಿಸುತ್ತಿದ್ದ ಪಂಚಾಕ್ಷರಯ್ಯನವರು

ಬೆಳಿಗ್ಗೆ ಹತ್ತರಿಂದ ಹನ್ನೆರಡು ಗಂಟೆಯವರೆಗೆ ಶ್ರೀ ಪಂಚಾಕ್ಷರಯ್ಯನವರ ಕುರ್ಚಿಯು ಅವರದೇ ಮೇಜಿನ ಮೇಲೆ, ನಾಲ್ಕೂ ಕಾಲುಗಳನ್ನು ಮೇಲಕ್ಕೆತ್ತಿಕೊಂಡು, ತಲೆಕೆಳಗಾಗಿ ಇರುತ್ತಿತ್ತು. ಹೋಟೆಲು ಮುಚ್ಚುವ ಹೊತ್ತಿನಲ್ಲಿ ನೆಲ ಒರೆಸುವುದಕ್ಕಾಗಿ ಕುರ್ಚಿಗಳನ್ನು ಹೀಗೆ ಎತ್ತಿಡುವುದನ್ನು ಎಲ್ಲರೂ ನೋಡಿರುತ್ತಾರೆ. ಕಚೇರಿಯ ಬಾಗಿಲು ತೆರೆದ ಕೂಡಲೇ ಎತ್ತಿಡುವವರಲ್ಲಿ ನಾನು ಅವರೊಬ್ಬರನ್ನೇ ನೋಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ದಿನ, ಯಾರೋ ಕೆಲಸ ಬಿಟ್ಟು ಹೋಗಿರಬೇಕೆಂದು ಭಾವಿಸಿ, ಆ ಕುರ್ಚಿಯನ್ನು ಇಳಿಸಿಕೊಂಡು ಅದರಲ್ಲಿಯೇ ಕುಳಿತೆ. ಹನ್ನೆರಡಕ್ಕೆ ಅವರು ಬೆವರು ಒರೆಸಿಕೊಳ್ಳುತ್ತ ಬಂದರು.

"ಯಾರಮ್ಮ ನನ್ ಬೋರ್ಡ್ ಇಳಿಸಿದ್ದು?"

ನಾನು ಎದ್ದು ನಿಂತೆ. ಅವರು ಕೋಪಿಸಿಕೊಳ್ಳಲಿಲ್ಲ.

"ಕುರ್ಚಿ ಮೇಲಿದ್ರೆ ನಾನು ಹೊರಗಡೆ ಕೆಲ್ಸ ಮಾಡ್ತಿದ್ದೀನಿ ಅಂತ. ಕೆಳಗಿದ್ರೆ ಸುಮ್ನೆ ಕೂತಿದ್ದೀನಿ ಅಂತ. ಬಂದೋರು ಯಾರನ್ನೂ ಕೇಳ್ಬೇಕಾಗಿಲ್ಲ ನೋಡು."

ಸದರಿ ಕಚೇರಿಯು ಬಿಳೇಕಹಳ್ಳಿಯಲ್ಲಿ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದೆ. ನಮ್ಮದು ಲಿಫ್ಟ್ ನಿರ್ವಹಣೆಯ ಸಂಸ್ಥೆ. ಜಯನಗರದಿಂದ ಪುಟ್ಟೇನಹಳ್ಳಿಯವರೆಗೆ ಹಲವು ಅಪಾರ್ಟ್‌ಮೆಂಟುಗಳ ಲಿಫ್ಟುಗಳು ನಿಂತಲ್ಲಿ, ನಡುಗಿದಲ್ಲಿ, ಬಾಗಿಲು ಹಾಕಿಕೊಳ್ಳದಿದ್ದಲ್ಲಿ ದೂರುಗಳು ನಮಗೆ ಬರುತ್ತವೆ. ನಮ್ಮ ಕಟ್ಟಡದಲ್ಲಿ ಲಿಫ್ಟ್ ಇರುವುದಿಲ್ಲ ಎಂಬ ಅಂಶವನ್ನು ಈ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ. ಕಟ್ಟಡವು ಮಾಲೀಕರಾದ ಶ್ರೀ ಚಿಕ್ಕನಂಜಪ್ಪನವರದೇ. ಅವರ ತಂದೆಯವರು ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಲಿಫ್ಟ್ ಏಕೆ ಹಾಕಿಸಲಿಲ್ಲವೆಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಹಾಕಿಸಿದ್ರೆ ಅದ್ರ ಮೇಂಟೆನೆನ್ಸ್ ಯಾರಮ್ಮ ಮಾಡ್ತಾರೆ?" ಎಂದು ಅವರು ನಿಜವಾದ ಚಿಂತೆಯಿಂದಲೇ ಉತ್ತರಿಸಿದರು.

ದೂರುಗಳಿಗೆ ಲಿಖಿತ ಉತ್ತರ ಸಿದ್ಧಪಡಿಸುವ ಹುದ್ದೆಗೆ ನನ್ನನ್ನು ಆರು ತಿಂಗಳ ಪರೀಕ್ಷಾರ್ಥ ಅವಧಿಯ ಮೇಲೆ ತೆಗೆದುಕೊಳ್ಳಲಾಗಿತ್ತು. ಅವಧಿಯು ತೃಪ್ತಿಕರವಾಗಿ ಮುಗಿದಲ್ಲಿ ಕೆಲಸ ಖಾಯಂ, ಇಲ್ಲವಾದಲ್ಲಿ ಮನೆ. ಪದ್ಮನಾಭನಗರದ ಟೈಪಿಂಗ್ ಶಾಲೆಯಲ್ಲಿ ಅರ್ಜಿ, ಜ್ಞಾಪನ, ಸುತ್ತೋಲೆಗಳನ್ನು ಕಲಿತವಳು ನಾನು. ಅವುಗಳ ಹೊರತಾಗಿ ಏನನ್ನೂ ಬರೆದ ಅನುಭವವಿಲ್ಲ. ಒಬ್ಬ ಮನುಷ್ಯನ ಕುರಿತು ಬರೆಯುವಾಗ ಯಾವುದು ಮೊದಲು ಬರಬೇಕೆಂದು ತಿಳಿಯದ ಕಾರಣ, ತಿಳಿದ ರೀತಿಯಲ್ಲಿಯೇ ಬರೆಯುತ್ತಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಪಂಚಾಕ್ಷರಯ್ಯನವರು ದೂರು ವಿಭಾಗದ ಮುಖ್ಯಸ್ಥರು. ನಿವೃತ್ತಿಯ ವಯಸ್ಸು ದಾಟಿ ನಾಲ್ಕು ವರ್ಷಗಳಾಗಿದ್ದವು. ಮಾಲೀಕರು ವರ್ಷ ವರ್ಷವೂ ಅವಧಿ ವಿಸ್ತರಿಸುತ್ತ ಬಂದಿದ್ದರು. ತುಮಕೂರಿನ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಬನಶಂಕರಿಯಲ್ಲಿ ಮಗಳ ಮನೆಯಲ್ಲಿದ್ದರು. ಬೆಳಿಗ್ಗೆ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಅಚ್ಚುಕಟ್ಟಾಗಿ ಇರುತ್ತಿತ್ತು. ಹನ್ನೆರಡಕ್ಕೆ ಹಿಂತಿರುಗುವಾಗ ಒಂದೂವರೆ ಪಟ್ಟೆ ಉಳಿದಿರುತ್ತಿತ್ತು. ಆ ದಿನ ಎಷ್ಟು ಮಹಡಿ ಹತ್ತಿದ್ದಾರೆಂದು ನಾವು ಅವರ ಹಣೆ ನೋಡಿಯೇ ಅಂದಾಜು ಮಾಡುತ್ತಿದ್ದೆವು.

ಏಕೆಂದರೆ ಅವರದೊಂದು ನಿಯಮವಿತ್ತು. ಯಾವ ಲಿಫ್ಟಿನ ಬಗ್ಗೆ ದೂರು ಬಂದಿದೆಯೋ ಆ ಕಟ್ಟಡಕ್ಕೆ ಹೋಗಿ, ದೂರು ಕೊಟ್ಟವರ ಮನೆಯವರೆಗೆ ಮೆಟ್ಟಿಲು ಹತ್ತದ ಹೊರತು, ಉತ್ತರ ಬರೆಯತಕ್ಕದ್ದಲ್ಲ. ಮೆಕ್ಯಾನಿಕ್ ಹೋಗುವುದು ಬೇರೆ, ಬರೆಯುವವರು ಹೋಗುವುದು ಬೇರೆ. ಹತ್ತಿದ ಮೆಟ್ಟಿಲುಗಳ ಸಂಖ್ಯೆಯನ್ನು ಉತ್ತರದ ಕಚೇರಿ ಪ್ರತಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಆ ಅಂಕಿ ಇಲ್ಲದ ಪತ್ರಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ.

ಪ್ರಪಂಚದ ಯಾವ ಕಚೇರಿಯಲ್ಲಿಯೂ ಇಂತಹ ನಿಯಮ ಇರಲಾರದೆಂದು ನಾನು ಮನಸ್ಸಿನಲ್ಲಿಯೇ ಶಪಿಸುತ್ತಿದ್ದೆ. ಸೇರಿದ ಎರಡನೇ ವಾರ ಜೆ.ಪಿ. ನಗರದ ಒಂದು ಕಟ್ಟಡದಿಂದ ದೂರು ಬಂತು. ಐದನೇ ಮಹಡಿ. ಹೊರಡುವ ಮೊದಲೇ ಒಂದು ಪುಟದ ಉತ್ತರವನ್ನು ಸಿದ್ಧಪಡಿಸಿಟ್ಟಿದ್ದೆ; "ತಮಗೆ ಉಂಟಾದ ಅನನುಕೂಲಕ್ಕೆ ತೀವ್ರವಾಗಿ ವಿಷಾದಿಸುತ್ತ" ಎಂದು ಅದು ಆರಂಭವಾಗುತ್ತಿತ್ತು. ಮೆಟ್ಟಿಲು ಹತ್ತಿದೆ. ನಾಲ್ಕನೇ ಮಹಡಿಯ ತಿರುವಿನಲ್ಲಿ ಆ ಮನೆಯ ಅಡುಗೆ ಸಿಲಿಂಡರು ಇತ್ತು. ತಂದವನು ಅಲ್ಲಿಯೇ ಇಟ್ಟು ಹೋಗಿದ್ದನಂತೆ. ಹಿಂತಿರುಗಿ ಬಂದು ಪುಟವನ್ನು ಹರಿದು ಹಾಕಿ ಎರಡು ಸಾಲು ಬರೆದೆ: ಬುಧವಾರ ಹನ್ನೊಂದಕ್ಕೆ ಮೆಕ್ಯಾನಿಕ್ ಬರುತ್ತಾರೆ, ಇಂದು ಸಂಜೆ ನಮ್ಮವರು ಬಂದು ಸಿಲಿಂಡರನ್ನು ಮೇಲಕ್ಕೆ ಮುಟ್ಟಿಸುತ್ತಾರೆ. ಪಂಚಾಕ್ಷರಯ್ಯನವರು ಓದಿ, ಅಂಕಿ ನೋಡಿ, ಸಹಿ ಹಾಕಿದರು.

"ನೋಡ್ದ್ಯಾ ಸುಮಾ, ಏದುಸಿರು ಬಿಡೋವಾಗ ಸುಳ್ಳು ಬರಿಯೋಕೆ ಪುರುಸೊತ್ತಿರಲ್ಲ. ಕೆಲ್ಸ ಬೇಗ ಮುಗಿಯುತ್ತೆ."

ದೂರವಾಣಿಯಲ್ಲಿ ಅವರ ಪದ್ಧತಿ ಇನ್ನೂ ವಿಚಿತ್ರವಾಗಿತ್ತು. ಕರೆ ಸ್ವೀಕರಿಸಿ "ಹೇಳಿ" ಎನ್ನುವರು. ಆ ಮೇಲೆ ಒಂದು ಮಾತೂ ಇಲ್ಲ. ಆ ಕಡೆಯವರು ಅವರನ್ನೂ, ಲಿಫ್ಟನ್ನೂ, ಮಾಲೀಕರ ವಂಶವನ್ನೂ ಬೈಯುತ್ತಿರುವಾಗ ಇವರು ಗಡಿಯಾರ ನೋಡುತ್ತ ಕುಳಿತಿರುತ್ತಿದ್ದರು. "ಸುಮ್ನಿದ್ರೆ ಐದು ನಿಮಿಷಕ್ಕೆ ಸುಸ್ತಾಗ್ತಾರೆ. ಮಧ್ಯ ಬಾಯಿ ಹಾಕಿ ಸಮಾಧಾನ ಹೇಳಿದ್ಯೋ, ಮೊದಲಿಂದ ಶುರು ಮಾಡ್ತಾರೆ, ಇಪ್ಪತ್ತು ನಿಮಿಷ" ಎಂಬುದು ಅವರ ಲೆಕ್ಕಾಚಾರ.

ಸಭೆಗಳಿಗೆ ಅವರು ಅವರೆಕಾಯಿ ತರುತ್ತಿದ್ದರು. ಇದನ್ನು ಉತ್ಪ್ರೇಕ್ಷೆ ಎಂದು ಭಾವಿಸಬಾರದೆಂದು ಕೋರುತ್ತೇನೆ. ಸೊಗಡಿನ ಕಾಲ ಬಂತೆಂದರೆ ಸೋಮವಾರದ ಸಭೆಗೆ ಅವರ ಬಟ್ಟೆ ಚೀಲದಲ್ಲಿ ಎರಡು ಕಿಲೋ ಅವರೆಕಾಯಿ ಇರುತ್ತಿತ್ತು. ದಿನಪತ್ರಿಕೆ ಹಾಸಿಕೊಂಡು ಕಾಳು ಬಿಡಿಸುತ್ತ ಕೂರುವರು. ಕಾಯಿ ಮುಗಿದ ಕೂಡಲೇ ಪತ್ರಿಕೆ ಮಡಚಿ ಎದ್ದು ಹೋಗುವರು, ಮಾಲೀಕರು ವಾಕ್ಯದ ಮಧ್ಯದಲ್ಲಿದ್ದರೂ ಸಹ.

"ಏನ್ರೀ ಪಂಚಾಕ್ಷರಯ್ಯ, ಇದೇನು ಆಫೀಸಾ, ಅಡುಗೆಮನೇನಾ?" ಎಂದು ಚಿಕ್ಕನಂಜಪ್ಪನವರು ಒಮ್ಮೆ ಕೇಳಿದರು.

"ಮೀಟಿಂಗಿಂದ ಏನಾದ್ರೂ ಒಂದು ಹೊರಗೆ ಬರ್ಬೇಕಲ್ಲ ಯಜಮಾನ್ರೆ."

ಹೀಗಿರುವಾಗ, ಕಳೆದ ಅವರೆಕಾಯಿ ಕಾಲದ ಆರಂಭದಲ್ಲಿ, ಕಚೇರಿಯ ಕಾರ್ಯದಕ್ಷತೆಯನ್ನು ಹೆಚ್ಚಿಸುವ ಸಲುವಾಗಿ ಶ್ರೀ ನಿಶಾಂತ್ ಎಂಬ ಸಲಹೆಗಾರರನ್ನು ನೇಮಿಸಲಾಯಿತು. ಬಿಳಿ ಬೂಟು, ಟೀ ಶರ್ಟಿನ ಮೇಲೆ ಕೋಟು. ಮೂರು ಮಹಡಿ ಹತ್ತಿ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು, ಅವರು ಉಚ್ಚರಿಸಿದ ಮೊದಲ ವಾಕ್ಯ: "ಲಿಫ್ಟ್ ಎಲ್ಲಿದೆ?"

"ಗಿರಾಕಿಗಳ ಮನೇಲಿದೆ ಸಾರ್" ಎಂದರು ಪಂಚಾಕ್ಷರಯ್ಯನವರು.

ನಿಶಾಂತ್ ಅವರು ಒಂದು ವಾರ ಮೂಲೆಯಲ್ಲಿ ಕುಳಿತು ನಮ್ಮನ್ನು ಗಮನಿಸಿದರು. ಆ ವಾರದಲ್ಲಿ ಅವರಿಗೆ ಅತ್ಯಂತ ಹಿಡಿಸಿದ ವ್ಯಕ್ತಿ ಪಂಚಾಕ್ಷರಯ್ಯನವರೇ ಎಂಬುದನ್ನು ದಾಖಲಿಸಬೇಕಾಗಿದೆ. ತಲೆಕೆಳಗಾದ ಕುರ್ಚಿಯನ್ನು ಕಂಡು "ಬ್ಯೂಟಿಫುಲ್" ಎಂದರು. ಅವರೆಕಾಯಿಯನ್ನು ಕಂಡು "ಸಾರ್, ಇದು ಮೈಂಡ್‌ಫುಲ್‌ನೆಸ್ ಸಾರ್, ನಿಮಗೇ ಗೊತ್ತಿಲ್ಲದೆ ಮಾಡ್ತಿದೀರ" ಎಂದರು. ಪಂಚಾಕ್ಷರಯ್ಯನವರು, "ಗೊತ್ತಿದ್ದೇ ಮಾಡ್ತಿದೀನಿ ಸಾರ್, ರಾತ್ರಿ ಸಾರಿಗೆ" ಎಂದರು. ಸಲಹೆಗಾರರು ಅದನ್ನೂ ಬರೆದುಕೊಂಡರು.

ಮರುವಾರ ಸುತ್ತೋಲೆ ಬಂತು. ಬೆರಳಚ್ಚು ಮಾಡಿದವಳು ನಾನೇ. ಎಲ್ಲ ಸಿಬ್ಬಂದಿಯೂ ಹನ್ನೆರಡರವರೆಗೆ ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಡತಕ್ಕದ್ದು. ಆದರೆ ಹೊರಗೆ ಹೋಗುವುದರಿಂದ ಸಮಯ ವ್ಯರ್ಥವಾಗುವ ಕಾರಣ, ಕುರ್ಚಿಯ ಪಕ್ಕದಲ್ಲಿಯೇ ನಿಂತುಕೊಂಡು ಕೆಲಸ ಮಾಡತಕ್ಕದ್ದು. ಮೇಜಿನ ತುಂಬ ಕುರ್ಚಿ ಇರುವುದರಿಂದ ಕಡತಗಳನ್ನು ಎಲ್ಲಿ ಇಡಬೇಕೆಂಬ ಬಗ್ಗೆ ಸುತ್ತೋಲೆ ಮೌನವಾಗಿತ್ತು. ನಾವು ಕುರ್ಚಿಯ ಕಾಲುಗಳ ನಡುವೆ ಇಟ್ಟೆವು, ಮೆಟ್ಟಿಲು ಹತ್ತುವುದನ್ನು ಮಧ್ಯಾಹ್ನಕ್ಕೆ ಮುಂದೂಡಿದೆವು. ಸಭೆಯಲ್ಲಿ ಎಲ್ಲರಿಗೂ ತಲಾ ಒಂದು ಹಿಡಿ ಅವರೆಕಾಯಿ ಹಂಚಲಾಯಿತು. ಕಾಯಿ ಬಿಡಿಸಿದ ಮೇಲೆ ಕಾಳನ್ನು ಏನು ಮಾಡಬೇಕೆಂದು ಯಾರೋ ಕೇಳಿದ್ದಕ್ಕೆ, ಮುಖ್ಯವಾದದ್ದು ಬಿಡಿಸುವ ಪ್ರಕ್ರಿಯೆಯೇ ಹೊರತು ಕಾಳಲ್ಲ ಎಂದು ಸಲಹೆಗಾರರು ಸ್ಪಷ್ಟಪಡಿಸಿದರು. ಪಂಚಾಕ್ಷರಯ್ಯನವರು ಎಲ್ಲರ ಮುಂದಿನ ಕಾಳನ್ನೂ ಬಾಚಿ ಚೀಲಕ್ಕೆ ಹಾಕಿಕೊಂಡರು.

ಕೊನೆಯದಾಗಿ ಗೋಡೆಗೆ ಒಂದು ಫಲಕ ಬಂತು. ಪ್ರತಿಯೊಬ್ಬರ ಹೆಸರಿನ ಮುಂದೆ, ಮುಕ್ತಾಯಗೊಳಿಸಿದ ಪ್ರತಿ ದೂರಿಗೆ ಒಂದು ನಕ್ಷತ್ರ. ಉತ್ತರ ಕಳುಹಿಸಿದ ಕೂಡಲೇ ದೂರು ಮುಕ್ತಾಯವೆಂದು ಪರಿಗಣಿಸಲಾಗುವುದು, ಮೆಕ್ಯಾನಿಕ್‌ನ ಪಟ್ಟಿಯಿಂದಲೂ ಅದನ್ನು ತೆಗೆದುಹಾಕಲಾಗುವುದು. ಪಂಚಾಕ್ಷರಯ್ಯನವರ ಪ್ರಕಾರ ದೂರು ಮುಗಿಯುವುದೆಂದರೆ, ದೂರು ಕೊಟ್ಟವರು ಅವರ ಜೊತೆ ಅದೇ ಲಿಫ್ಟಿನಲ್ಲಿ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವುದು. ಹೀಗಾಗಿ ಅವರಿಗೆ ವಾರಕ್ಕೆ ಎರಡು ನಕ್ಷತ್ರ. ಉಳಿದವರಿಗೆ ಹತ್ತು, ಹನ್ನೆರಡು. ಫಲಕದಲ್ಲಿ ಮೆಟ್ಟಿಲಿಗೆ ಪ್ರತ್ಯೇಕ ಅಂಕಣವಿರಲಿಲ್ಲ.

"ಸಾರ್, ನಿಮ್ಮ ಹೆಸ್ರು ಕೊನೇಲಿದೆ" ಎಂದೆ.

"ಕೆಳಗಿರೋರು ಬಿದ್ರೆ ಏಟಾಗಲ್ಲ ಬಿಡು" ಎಂದರು. ಆದರೆ ಆ ದಿನ ಅವರು ಫಲಕದ ಮುಂದೆ ಎರಡು ಸಲ ನಿಂತದ್ದನ್ನು ನಾನು ನೋಡಿದ್ದೇನೆ. ಅವಧಿ ವಿಸ್ತರಣೆಗೆ ಒಂದು ತಿಂಗಳಿತ್ತು. ನನ್ನ ಖಾಯಮಾತಿಗೂ ಅಷ್ಟೇ.

ಈಗ ಬರೆಯಬೇಕಾದ ಸಂಗತಿಯನ್ನು ಇಷ್ಟು ಹೊತ್ತು ಮುಂದಕ್ಕೆ ತಳ್ಳುತ್ತ ಬಂದಿದ್ದೇನೆ.

ಜಯನಗರದ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿರುವ ಶ್ರೀಮತಿ ಗಿರಿಜಮ್ಮನವರು ದೂರು ಕೊಟ್ಟಿದ್ದರು. ಲಿಫ್ಟು ಅವರ ಮಹಡಿಯಲ್ಲಿ ನೆಲಕ್ಕೆ ಸಮನಾಗಿ ನಿಲ್ಲದೆ ನಾಲ್ಕು ಬೆರಳು ಕೆಳಗೆ ನಿಲ್ಲುತ್ತಿದೆ, ತಮಗೆ ಮಂಡಿ ನೋವು, ಎಡವುವ ಭಯವಿದೆ, ಸರಿಯಾಗುವವರೆಗೆ ತಾವು ಮನೆಯಿಂದ ಇಳಿಯುವುದಿಲ್ಲ ಎಂಬುದು ಅದರ ಸಾರಾಂಶ. ಶನಿವಾರ ಮಧ್ಯಾಹ್ನ ಫಲಕದಲ್ಲಿ ನನಗೆ ಉಳಿದವರಿಗಿಂತ ಒಂದು ನಕ್ಷತ್ರ ಕಡಿಮೆಯಿತ್ತು. ಹೊರಗೆ ಬಿಸಿಲಿತ್ತು. ನಾನು ಹೋಗಲಿಲ್ಲ. "ಸದರಿ ಲಿಫ್ಟನ್ನು ದುರಸ್ತಿಪಡಿಸಲಾಗಿದ್ದು, ಖುದ್ದಾಗಿ ಪರಿಶೀಲಿಸಿ, ಸುಸ್ಥಿತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳಲಾಗಿದೆ" ಎಂದು ಬರೆದೆ. ಮಹಡಿಗೆ ಹದಿನೆಂಟು ಮೆಟ್ಟಿಲಿನಂತೆ ಮೂರು ಮಹಡಿಗೆ ಐವತ್ನಾಲ್ಕು ಎಂದು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ.

ಅಂದು ಪಂಚಾಕ್ಷರಯ್ಯನವರನ್ನು ಸಮಯ ಪಾಲನೆಯ ತರಬೇತಿಗೆಂದು ಇಡೀ ದಿನ ಕೂರಿಸಿದ್ದರು. ಸಂಜೆ ಐದೂವರೆಗೆ ಪತ್ರಗಳ ಕಟ್ಟು ಅವರ ಕೈ ಸೇರಿತು. ನನ್ನ ಪತ್ರದ ಬಳಿ ಪೆನ್ನು ನಿಂತಿತು.

"ಹತ್ತಿದ್ಯೇನಮ್ಮ?"

"ಹೂಂ ಸಾರ್."

ಸಹಿ ಹಾಕಿದರು. ಪತ್ರ ಅಂದು ಸಂಜೆಯೇ ಜಯನಗರ ತಲುಪಿತು, ನನ್ನ ಹೆಸರಿನ ಮುಂದೆ ನಕ್ಷತ್ರ ಬಂತು. ಗಿರಿಜಮ್ಮನವರ ಲಿಫ್ಟು ಮೆಕ್ಯಾನಿಕ್‌ನ ಪಟ್ಟಿಯಿಂದ ಹೋಯಿತು.

ಸೋಮವಾರ ಬೆಳಿಗ್ಗೆ ಗಿರಿಜಮ್ಮನವರು ಹೊರಗೆ ಹೋಗಿ ಹಿಂತಿರುಗಿ, ತಮ್ಮ ಮಹಡಿಯಲ್ಲಿ ಲಿಫ್ಟಿನಿಂದ ಹೊರಬರುವಾಗ ಎಡವಿ ಬಿದ್ದು ಬಲ ಮುಂಗೈ ಮೂಳೆ ಮುರಿದುಕೊಂಡರು. ಹನ್ನೊಂದು ಗಂಟೆಗೆ ಕಟ್ಟಡದ ಸಂಘದವರು ನಮ್ಮ ಪತ್ರವನ್ನು ಹಿಡಿದುಕೊಂಡೇ ಬಂದರು. ಮಾಲೀಕರು ಕಚೇರಿ ಪ್ರತಿಯೊಂದಿಗೆ ಒಳಗೆ ಬರುವಂತೆ ಪಂಚಾಕ್ಷರಯ್ಯನವರಿಗೆ ಹೇಳಿ ಕಳುಹಿಸಿದರು.

ಅವರು ನನ್ನ ಮೇಜಿನ ಬಳಿ ಬಂದು ಕಡತದಿಂದ ಆ ಪ್ರತಿಯನ್ನು ತೆಗೆದುಕೊಂಡರು. ಮೂಲೆಯ ಅಂಕಿಯನ್ನು ನೋಡಿದರು.

"ಅಲ್ಲಿ ಅರವತ್ತೊಂದು ಕಣಮ್ಮ. ಹೋದ್ ವರ್ಷ ಹತ್ತಿದ್ದೆ."

ಶನಿವಾರವೇ ತಿಳಿದಿತ್ತೇ ಎಂದು ಕೇಳಿದೆ.

"ತಿಳಿದಿದ್ರೆ ಸೈನ್ ಹಾಕ್ತಿದ್ನಾ? ಭಾನುವಾರ ಸ್ನಾನ ಮಾಡ್ತಾ ನೆನಪಾಯ್ತು. ಎದ್ದು ಹೋಗ್ಬೇಕಿತ್ತು. ಮೊಮ್ಮಗಳ ನಾಮಕರಣ, ನಾಳೆ ಹೋದ್ರಾಯ್ತು ಅಂದ್ಕೊಂಡೆ." ಕಡತವನ್ನು ಮುಚ್ಚಿ, "ನಾನೂ ನಿನ್ ಥರಾನೇ ಮಾಡ್ದೆ" ಎಂದರು.

ನನ್ನ ಮೇಜಿನ ಮೇಲಿದ್ದ ರಬ್ಬರನ್ನು ಎತ್ತಿಕೊಂಡು, ನನ್ನ ಕೈಬರಹದ ಐವತ್ನಾಲ್ಕನ್ನು ಅಳಿಸಿದರು. ಪುಡಿಯನ್ನು ಊದಿದರು. ಒಳಗೆ ಹೋದರು.

ಗಾಜಿನ ಬಾಗಿಲಿನ ಆಚೆ ನಡೆದದ್ದೆಲ್ಲ ನಮಗೆ ಕೇಳಿಸುತ್ತಿತ್ತು. ಯಾರು ಹೋಗಿ ನೋಡಿಕೊಂಡು ಬಂದರೆಂದು ಮಾಲೀಕರು ಕೇಳಿದರು. "ಯಾರೂ ಹೋಗಿಲ್ಲ. ನಾನು ಹೋಗ್ಬೇಕಿತ್ತು. ಸೈನ್ ನಂದು" ಎಂದರು. ನಿಶಾಂತ್ ಅವರು ಫಲಕದ ಅಂಕಿಗಳನ್ನು ಓದಿ ಹೇಳಿದರು. ಕೊನೆಯ ಸ್ಥಾನ, ಸತತ ಮೂರು ವಾರ. ಅವಧಿ ವಿಸ್ತರಣೆಯ ವಿಷಯವನ್ನು ಕೈಬಿಡಲಾಯಿತು. ನಾನು ಆ ಬಾಗಿಲವರೆಗೆ ಹೋಗಬಹುದಿತ್ತು. ಅದಕ್ಕೆ ಒಂದೂ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ತಲೆಕೆಳಗಾದ ನನ್ನ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದೆ.

ಕೊನೆಯ ದಿನ ಅವರು ಹತ್ತು ಗಂಟೆಗೆ ಬಂದು, ಸುತ್ತೋಲೆಯಂತೆ ಯಾರೋ ಎತ್ತಿಟ್ಟಿದ್ದ ಕುರ್ಚಿಯನ್ನು ಮೇಜಿನಿಂದ ಇಳಿಸಿ, ನೆಲದ ಮೇಲಿಟ್ಟು, ಹನ್ನೆರಡರವರೆಗೆ ಅದರಲ್ಲಿ ಕುಳಿತಿದ್ದರು. ಅವರು ಬೆಳಗಿನ ಹೊತ್ತು ತಮ್ಮ ಕುರ್ಚಿಯಲ್ಲಿ ಕುಳಿತದ್ದನ್ನು ನಾವು ನೋಡಿದ್ದು ಅದೊಂದೇ ಸಲ. ಹಣೆಯಲ್ಲಿ ಮೂರೂ ಪಟ್ಟೆ ಪೂರ್ತಿ ಇದ್ದವು. ನಿಶಾಂತ್ ಅವರು ಬಂದು, ಹನ್ನೆರಡರ ಮೊದಲು ಕೂರುವಂತಿಲ್ಲವೆಂದು ವಿನಯದಿಂದ ನೆನಪಿಸಿದರು.

"ಹೌದಾ ಸಾರ್, ಯಾರು ಮಾಡಿದ್ ರೂಲ್ಸು ಅದು?" ಎಂದು ಪಂಚಾಕ್ಷರಯ್ಯನವರು ಕೇಳಿದರು.

ಆ ವಾರವೇ ನನ್ನ ಕೆಲಸ ಖಾಯಮಾಯಿತು. ಹದಿನೈದು ದಿನಗಳಾದ ಮೇಲೆ, ನಾಲ್ಕು ಸಲ ಬರೆದು ಹರಿದು ಐದನೆಯ ಸಲ ಬರೆದ ಪತ್ರವನ್ನು ಮಾಲೀಕರಿಗೆ ಕೊಟ್ಟೆ. ಸುಳ್ಳು ಬರೆದವಳು ನಾನು, ಪಂಚಾಕ್ಷರಯ್ಯನವರದು ತಪ್ಪಿಲ್ಲ, ಅವರನ್ನು ಹಿಂದಕ್ಕೆ ಕರೆಯಬೇಕು ಎಂದು ಅದರಲ್ಲಿತ್ತು. ಚಿಕ್ಕನಂಜಪ್ಪನವರು ಎರಡು ಸಲ ಓದಿದರು.

"ಆಗಿದ್ದಾಗೋಯ್ತು ಬಿಡಮ್ಮ. ಅವ್ರಿಗೂ ವಯಸ್ಸಾಗಿತ್ತು. ನಿನ್ ಬರವಣಿಗೆ ಚೆನ್ನಾಗಿದೆ" ಎಂದು ಹೇಳಿ ಅದನ್ನು ನಿಶಾಂತ್ ಅವರಿಗೆ ಕಳುಹಿಸಿದರು. ನಿಶಾಂತ್ ಅವರು ನನ್ನ ಪ್ರಾಮಾಣಿಕತೆಯನ್ನು ಬ್ಯೂಟಿಫುಲ್ ಎಂದು ಶ್ಲಾಘಿಸಿ, ಪತ್ರವನ್ನು ಆಂತರಿಕ ದೂರು ಎಂದು ನೋಂದಾಯಿಸಿ, ಅದೇ ದಿನ ಮುಕ್ತಾಯಗೊಳಿಸಿದರು. ಸಂಜೆ ನೋಡುವಾಗ ಫಲಕದಲ್ಲಿ ನನ್ನ ಹೆಸರಿನ ಮುಂದೆ ಒಂದು ನಕ್ಷತ್ರ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ನನ್ನ ಕುರ್ಚಿಯನ್ನು ಮೇಜಿನ ಮೇಲಿಟ್ಟು, ಯಾರನ್ನೂ ಕೇಳದೆ ಜಯನಗರಕ್ಕೆ ಹೋದೆ. ಲಿಫ್ಟು ಸರಿಯಾಗಿತ್ತು. ನಾನು ಮೆಟ್ಟಿಲು ಹತ್ತಿದೆ. ಎಣಿಸುತ್ತ ಹತ್ತಿದೆ. ಗೇಟಿನ ಒಳಗೆ ನಾಲ್ಕು, ಆ ಮೇಲೆ ಮಹಡಿಗೆ ಹತ್ತೊಂಬತ್ತು.

ಗಿರಿಜಮ್ಮನವರ ಮನೆಯ ಬಾಗಿಲು ತೆರೆದಿತ್ತು. ಅವರು ಬಲಗೈಗೆ ಬಿಳಿ ಕಟ್ಟು ಹಾಕಿಸಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ಎದುರಿಗೆ ನೆಲದ ಮೇಲೆ, ದಿನಪತ್ರಿಕೆ ಹಾಸಿಕೊಂಡು, ಪಂಚಾಕ್ಷರಯ್ಯನವರು ಅವರೆಕಾಯಿ ಬಿಡಿಸುತ್ತಿದ್ದರು. ಹಣೆಯಲ್ಲಿ ಒಂದೂವರೆ ಪಟ್ಟೆ ಉಳಿದಿತ್ತು. ನನ್ನನ್ನು ನೋಡಿ ಅವರು ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ಎಷ್ಟಮ್ಮ?"

"ಅರವತ್ತೊಂದು ಸಾರ್."

ಗಿರಿಜಮ್ಮನವರು ನಮ್ಮಿಬ್ಬರನ್ನೂ ನೋಡಿದರು. "ಯಾರು ಪಂಚಾಕ್ಷರಯ್ಯನೋರೆ ಈ ಹುಡುಗಿ? ನಿಮ್ ಮಗಳಾ?"

ಅವರು ಕಾಯಿ ಬಿಡಿಸುತ್ತಲೇ ಇದ್ದರು. ನಾನೇ ಹೇಳಬೇಕಾಗಿತ್ತು.

"ಆ ಲೆಟರ್ ಬರ್ದಿದ್ದು ನಾನು ಅಮ್ಮ. ಇಲ್ಲಿಗೆ ಬಂದೇ ಇರ್ಲಿಲ್ಲ ನಾನು."

ಗಿರಿಜಮ್ಮನವರು ಬೈಯುತ್ತಾರೆಂದು ಕಾದೆ. ಪಂಚಾಕ್ಷರಯ್ಯನವರು ಕಲಿಸಿದಂತೆ ಐದು ನಿಮಿಷ ಸುಮ್ಮನೆ ನಿಲ್ಲಲು ಸಿದ್ಧಳಾಗಿದ್ದೆ. ಆದರೆ ಅವರು ಎಡಗೈಯಿಂದ ಕನ್ನಡಕ ಸರಿಮಾಡಿಕೊಂಡು, ಯಾವ ಸಿಟ್ಟೂ ಇಲ್ಲದೆ ಹೇಳಿದರು.

"ತುಂಬ ಚೆನ್ನಾಗಿ ಬರ್ದಿದ್ದೆ ಕಣಮ್ಮ. ಖುದ್ದಾಗಿ ಬಂದು ನೋಡಿದ್ದಾರೆ ಅಂತ ಓದಿನೇ ನಾನು ಅವತ್ತು ಲಿಫ್ಟ್ ಹತ್ತಿದ್ದು. ಇಲ್ದಿದ್ರೆ ಇಳೀತಾನೇ ಇರ್ಲಿಲ್ಲ."

ಪಂಚಾಕ್ಷರಯ್ಯನವರು ಪತ್ರಿಕೆಯ ಮೇಲಿದ್ದ ಕಾಯಿಯ ರಾಶಿಯಲ್ಲಿ ಅರ್ಧವನ್ನು ನನ್ನ ಕಡೆಗೆ ಸರಿಸಿದರು.

"ಕೂತ್ಕೋ. ಇನ್ನೂ ಇಷ್ಟಿದೆ."

ನಾನು ನೆಲದ ಮೇಲೆ ಕುಳಿತೆ. ಕಾಯಿ ಮುಗಿದಾಗ ಹನ್ನೆರಡೂಕಾಲು ಆಗಿತ್ತು. ಪಂಚಾಕ್ಷರಯ್ಯನವರು ಕಾಳನ್ನು ಗಿರಿಜಮ್ಮನವರ ಪಾತ್ರೆಗೆ ಸುರಿದು, ಸಿಪ್ಪೆಯ ಸಮೇತ ಪತ್ರಿಕೆಯನ್ನು ಮಡಚಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು, ಲಿಫ್ಟಿನ ಕಡೆ ನೋಡದೆ ಮೆಟ್ಟಿಲಿಳಿದು ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಬೆರಳಿಗೆ ಹತ್ತಿದ ಸೊಗಡಿನ ವಾಸನೆ ಸಂಜೆಯವರೆಗೂ ಹೋಗಲಿಲ್ಲ. ಕಚೇರಿಗೆ ಹಿಂತಿರುಗಿ ಆ ಪತ್ರದ ಪ್ರತಿಯನ್ನು ಹೊರತೆಗೆದು, ಅಳಿಸಿ ಒರಟಾಗಿದ್ದ ಮೂಲೆಯಲ್ಲಿ, ಪೆನ್ನಿನಿಂದ, ಅರವತ್ತೊಂದು ಎಂದು ಬರೆದೆ.